ಫಿಶ್ ನದಿ ಬಂಡೆಯಲ್ಲಿ ಬರೆದ ತಿರುವುಗಳು

ದಕ್ಷಿಣ ನಮೀಬಿಯಾದಲ್ಲಿ ಗಂಟೆಗಟ್ಟಲೆ ಗಾಡಿ ಓಡಿಸಿದರೂ ಮುಂದೆ ಫಿಶ್ ನದಿಯ ಕಮರಿ ಇದೆ ಅನ್ನುವ ಸುಳಿವೇ ಸಿಗುವುದಿಲ್ಲ. ಎತ್ತ ನೋಡಿದರೂ ಕಲ್ಲಿನ ಬಯಲು, ಅಲ್ಲೊಂದು ಇಲ್ಲೊಂದು ಕ್ವಿವರ್ ಮರ. ಹೋಬಾಸ್‌ನಲ್ಲಿ ಟೆಂಟ್ ಹೊಡೆದು, ಇನ್ನೂ ಹತ್ತು ಕಿಲೋಮೀಟರ್ ಜಲ್ಲಿರಸ್ತೆಯಲ್ಲಿ ಕುಲುಕಾಡಿ, ವ್ಯೂಪಾಯಿಂಟ್‌ನಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಕಾಲಬುಡದಲ್ಲೇ ನೆಲ ಮುಗಿದಿತ್ತು!

ಉದ್ದ ಸುಮಾರು 160 ಕಿ.ಮೀ., ಆಳ 550 ಮೀಟರ್‌ವರೆಗೆ, ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಆದರೂ ನದಿ ತಿರುಗಿರುವ ಪರಿ ಕಂಡು ದಂಗಾದೆ. ಸಮತಟ್ಟಾದ ನೆಲದಲ್ಲಿ ಸಾವಕಾಶ ಹರಿಯುವ ಹೊಳೆ ಅಂಕುಡೊಂಕಾಗುವುದು ಸಹಜ. ಗಟ್ಟಿ ಬಂಡೆಯೊಳಗೆ, ಅಷ್ಟು ಆಳದಲ್ಲಿ, ಸುತ್ತಿ ಸುತ್ತಿ ಹೊರಟ ಜಾಗದ ಹತ್ತಿರಕ್ಕೇ ಮರಳುವುದು ಹೇಗೆ? ಮೇಲಿನ ಅಗಲವಾದ ಕಣಿವೆ ಭೂಮಿ ಬಿರಿದು ಕುಸಿದು ಆದದ್ದು. ಅದರ ತಳದಲ್ಲಿ ನದಿ ತನ್ನ ಪಾಡಿಗೆ ಬಳುಕಿಕೊಂಡು ಹರಿಯುತ್ತಿತ್ತು. ಆಫ್ರಿಕಾ, ಭಾರತ ಎಲ್ಲ ಒಂದಾಗಿದ್ದ ಗೊಂಡ್ವಾನಾ ಭೂಖಂಡ ಒಡೆದು ಆಫ್ರಿಕಾದ ನೆಲ ಮೇಲೆದ್ದಾಗ, ನೀರು ಹಳೆಯ ದಾರಿ ಬಿಡದೆ, ಅದೇ ತಿರುವುಗಳಲ್ಲೇ ಬಂಡೆ ಕೊರೆದು ಕೆಳಗಿಳಿಯಿತು. ಕಮರಿಯೊಳಗೆ ಇನ್ನೊಂದು ಕಮರಿ.

ಅಲ್ಲಿದ್ದ ವಯಸ್ಸಾದ ಕಾವಲುಗಾರರು ಇದಕ್ಕೆ ಬೇರೆಯೇ ಕಾರಣ ಹೇಳಿದರು. "ಬೇಟೆಗಾರರು ದೊಡ್ಡ ಹಾವೊಂದನ್ನು ಅಟ್ಟಿಸಿಕೊಂಡು ಬಂದರಂತೆ. ಅದು ತಪ್ಪಿಸಿಕೊಳ್ಳಲು ಹೊರಳಾಡಿದ ಗುರುತು ಇದು." ಬೂಟಿನ ತುದಿಯಿಂದ ಜಲ್ಲಿಯಲ್ಲಿ ಆ ಹಾವನ್ನು ಬರೆದೂ ತೋರಿಸಿದರು. ಕೆಳಗಿನ ತಿರುವುಗಳ ಪಡಿಯಚ್ಚು.

"ನೀವು ನಂಬುತ್ತೀರಾ?" ಎಂದೆ.

ಹಸಿರು ಮಡುಗಳಾಗಿ ನಿಂತಿದ್ದ ನೀರಿನತ್ತ ಕೈ ತೋರಿದರು. "ಈಗ ಮಲಗಿದೆ. ಮಳೆಗಾಲದಲ್ಲಿ ಬಂದು ನೋಡಿ, ಆಮೇಲೆ ಕೇಳಿ."

ಎಲ್ಲರೂ ಸಂಜೆಗೇ ಮುಗಿಬೀಳುತ್ತಾರೆ. ನನಗದು ರುಚಿಸಲಿಲ್ಲ. ವ್ಯೂಪಾಯಿಂಟ್ ಇರುವುದು ಪೂರ್ವದ ಅಂಚಿನಲ್ಲಿ, ಸಂಜೆಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಕಮರಿ ಕಪ್ಪಾಗುತ್ತದೆ. ಬೆಳಗ್ಗೆ ಬನ್ನಿ. ಬೆನ್ನ ಹಿಂದೆ ಸೂರ್ಯ ಏರಿದಂತೆ ಎದುರುಗೋಡೆಯ ಪದರಗಳು ಮೇಲಿನಿಂದ ಒಂದೊಂದೇ ಕೆಂಪಾಗುತ್ತ ಹೋಗುತ್ತವೆ. ಅಂಚಿನ ಚಪ್ಪಡಿಕಲ್ಲು ಆಗಿನ್ನೂ ಕೈ ಕೊರೆಯುವಷ್ಟು ತಣ್ಣಗಿರುತ್ತದೆ.

ಕಮರಿಯೊಳಗಿನ ಚಾರಣ ಶುರುವಾಗುವ ಉತ್ತರದ ವ್ಯೂಪಾಯಿಂಟ್ ನನಗೆ ಇನ್ನೂ ಹೆಚ್ಚು ಹಿಡಿಸಿತು. ದೊಡ್ಡ ಬ್ಯಾಗು ಹೊತ್ತ ಗುಂಪೊಂದು ಸರಪಳಿ ಹಿಡಿದು ಇಳಿಯುತ್ತಿತ್ತು. ಸುಮ್ಮನೆ ಇಳಿದು ಹತ್ತಿ ಬರಲು ಬಿಡುವುದಿಲ್ಲ. ಐ-ಐಸ್‌ನ ಬಿಸಿನೀರಿನ ಬುಗ್ಗೆಯವರೆಗೆ ಸುಮಾರು 85 ಕಿ.ಮೀ. ನಡೆಯಲೇಬೇಕು. ಮೇ ತಿಂಗಳಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಅವಕಾಶ, ಅದೂ ವೈದ್ಯರ ಸರ್ಟಿಫಿಕೇಟ್ ಇದ್ದವರಿಗೆ.

ವಾಪಸು ಬರುವಾಗ ಟಯರ್ ಸೀಳಿತು. ಸ್ಟೆಪ್ನಿ ಇಳಿಸಿದರೆ ಅದರಲ್ಲಿ ಗಾಳಿಯೇ ಇಲ್ಲ. ಗಾಡಿ ಬಾಡಿಗೆಗೆ ಕೊಟ್ಟವರು "ಎಲ್ಲ ಚೆಕ್ ಆಗಿದೆ" ಎಂದು ಸಹಿ ಹಾಕಿಸಿಕೊಂಡಿದ್ದರು, ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹಿಂದೆ ಬಂದ ದಂಪತಿಯ ಬಳಿ ಗಾಳಿ ತುಂಬುವ ಪಂಪ್ ಇದ್ದದ್ದಕ್ಕೆ ಬಚಾವಾದೆವು. ಅಲ್ಲಿಗೆ ಹೋಗುವವರು ಎರಡು ಸ್ಟೆಪ್ನಿ ಕೇಳಿ ಪಡೆಯಿರಿ, ಎರಡರ ಗಾಳಿಯನ್ನೂ ಕಣ್ಣೆದುರೇ ನೋಡಿಸಿಕೊಳ್ಳಿ.