ತೀರ್ಮಾನ ಅವರದ್ದೇ ಆಗಿರಲಿ

ಮಂಡ್ಯದಲ್ಲಿ, ಮನೆಯೊಳಗೆ ಹಿಂಸೆ ಅನುಭವಿಸಿದ ಹೆಂಗಸರಿಗೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಬರುವವರಲ್ಲಿ ಜಾಸ್ತಿ ಜನ ಹೇಳುವುದು ಒಂದೇ ಮಾತು: "ನೀವೇ ಹೇಳಿ ಮೇಡಂ, ನೀವ್ ಹೇಳ್ದಂಗೆ ಮಾಡ್ತೀನಿ."

ಅದಕ್ಕೆ ಉತ್ತರ ಕೊಡದೆ ಇರುವುದೇ ಈ ಕೆಲಸದ ಕಷ್ಟ. ಇಷ್ಟು ವರ್ಷ ಗಂಡ ಹೇಳಿದಂತೆ ನಡೆದವರು ಈಗ ನಾನು ಹೇಳಿದಂತೆ ನಡೆದರೆ ಏನು ಬದಲಾದ ಹಾಗಾಯಿತು?

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗಂಡ ಕೈ ಎತ್ತಿದವನಲ್ಲ. ಆದರೆ ಇವರ ಓಲೆ ಗಿರವಿ ಇಟ್ಟು, "ನೀನೇ ಕೊಟ್ಟಿದ್ದು, ಮರೆತಿದ್ದೀಯ, ನಿನಗೆ ತಲೆ ಕೆಟ್ಟಿದೆ" ಎನ್ನುತ್ತಿದ್ದ. ಅತ್ತರೆ ವಾರಗಟ್ಟಲೆ ಮಾತು ಬಿಡುತ್ತಿದ್ದ. ಆಮೇಲೆ ಮೈಸೂರಿನಿಂದ ಸೀರೆ ತರುತ್ತಿದ್ದ. ಇವರಿಗೆ ತಮ್ಮ ನೆನಪಿನ ಮೇಲೇ ನಂಬಿಕೆ ಹೋಗಿತ್ತು. ಫೋನ್ ಸದ್ದಾದರೆ ಬೆಚ್ಚುತ್ತಿದ್ದರು. ನೀರು ಕುಡಿಯಲೂ ನನ್ನ ಮುಖ ನೋಡುತ್ತಿದ್ದರು.

"ಹೊಡೆದಿಲ್ವಲ್ಲ, ಇದೂ ದೌರ್ಜನ್ಯನಾ?" ಎಂದು ಕೇಳಿದರು. ಹೌದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯೂ ಸೇರಿದೆ. ಸ್ತ್ರೀಧನ, ಅಂದರೆ ಹೆಂಡತಿಗೇ ಸೇರಿದ ಒಡವೆ, ಹಣ ಕಸಿದುಕೊಳ್ಳುವುದೂ ಅದರಲ್ಲಿದೆ. ಅದನ್ನು ಓದಿ ಹೇಳಿದಾಗ ಬಹಳ ಹೊತ್ತು ಅತ್ತರು.

ನಡೆದದ್ದನ್ನು ಅಂದಂದೇ ತಾರೀಖು ಹಾಕಿ ಬರೆಯಲು ಶುರು ಮಾಡಿದರು. ಗಂಡನ ಕಣ್ಣಿಗೆ ಬೀಳಬಾರದೆಂದು ಪುಸ್ತಕ ತಂಗಿಯ ಮನೆಯಲ್ಲಿತ್ತು. ಆತ "ನಾನು ಹಾಗಂದೇ ಇಲ್ಲ" ಎಂದಾಗ ಇವರ ಬಳಿ ಬರೆದದ್ದು ಇರುತ್ತಿತ್ತು. ವಾದ ಮಾಡುವುದಕ್ಕಲ್ಲ, ತಾನು ನೆನಪಿಟ್ಟದ್ದು ಸರಿ ಎಂದು ತನಗೇ ಗೊತ್ತಾಗಲಿ ಎಂದು.

"ಆಗಲ್ಲ" ಅನ್ನುವುದನ್ನು ಗಂಡನಿಂದಲೇ ಶುರು ಮಾಡಬೇಕಿಲ್ಲ. ಕೆಲವು ಮನೆಗಳಲ್ಲಿ ಅದು ಅಪಾಯ. ಎದುರು ನಿಲ್ಲುವ ಮೊದಲು ಹೋಗಲು ಒಂದು ಜಾಗ, ಕೈಯಲ್ಲಿ ದಾಖಲೆ ಇರಬೇಕು. ಇವರು ಮೊದಲು ಹೇಳಿದ್ದು ಚೀಟಿಗೆ ಸೇರಿ ಎಂದು ಒತ್ತಾಯಿಸಿದ ಪಕ್ಕದ ಮನೆಯವರಿಗೆ. ಆಮೇಲಿನದು ಡೇರಿಯ ವಿಷಯ. ಹಸು ಸಾಕುವುದು, ಹಾಲು ಹಾಕುವುದು ಇವರು. ಸಂಘದ ಸದಸ್ಯತ್ವವೂ ಇವರದ್ದೇ. ದುಡ್ಡು ಮಾತ್ರ ಗಂಡನ ಕೈಗೆ. ಒಂದು ದಿನ ತಾವೇ ಹೋಗಿ, ಬಟವಾಡೆ ತಮ್ಮ ಖಾತೆಗೆ ಬರುವಂತೆ ಮಾಡಿಕೊಂಡರು. ನಾನು ಹೇಳಿರಲಿಲ್ಲ. ಅಷ್ಟು ಸಂತೋಷ ನನಗೆ ಈ ಕೆಲಸದಲ್ಲಿ ಅಪರೂಪ.

ಅವರು ಗಂಡನನ್ನು ಬಿಟ್ಟಿಲ್ಲ. ಬಿಡಬೇಕೋ ಬೇಡವೋ ಇನ್ನೂ ಯೋಚಿಸುತ್ತಿದ್ದಾರೆ. ತವರಿನವರು "ಬಿಟ್ಟು ಬಾ" ಎಂದು ಅವಸರ ಮಾಡುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ: ಬಂದರೆ ಜಾಗವಿದೆ ಅನ್ನಿ, ಬಾ ಎಂದು ಎಳೆಯಬೇಡಿ.

ಇಂಥ ಸ್ಥಿತಿಯಲ್ಲಿರುವವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ನಿದ್ದೆ ಬಾರದಿದ್ದರೆ, ಎದೆ ಸುಮ್ಸುಮ್ನೆ ಹೊಡೆದುಕೊಳ್ಳುತ್ತಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.