ಆಲ್ಬರ್ಟ್ ಎಳೆದ ತಂತಿ

ಮಧ್ಯಾಹ್ನ ಊಟ ಮುಗಿಸಿ ಮತ್ತೆ ಅದೇ ವಿಡಿಯೋ ಹಾಕ್ಕೊಂಡು ಕೂತೆ. 1983, ಕೆನಡಾದ ಹ್ಯಾಮಿಲ್ಟನ್, ಒಂದು ಟಿವಿ ಸ್ಟುಡಿಯೋ. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ನುಡಿಸೋ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್, ಜೊತೆಗೆ ಕಿರಿಯ ಗಿಟಾರ್ ವಾದಕ ಸ್ಟೀವಿ ರೇ ವಾನ್.

ಈ ಸಲ ಕಣ್ಣು ಪೂರ್ತಿ ಆಲ್ಬರ್ಟ್ ಬೆರಳ ಮೇಲೇ. ಎಡಗೈ ವಾದಕ. ತಂತಿಗಳೆಲ್ಲ ತಲೆಕೆಳಗು, ಸಣ್ಣದು ಮೇಲೆ, ದಪ್ಪದು ಕೆಳಗೆ. ಮಿಕ್ಕವರು ತಂತಿಯನ್ನ ಮೇಲಕ್ಕೆ ತಳ್ಳಿ ಬಗ್ಗಿಸೋ ಸ್ವರಕ್ಕೆ ಈ ಮನುಷ್ಯ ತಂತಿಯನ್ನ ಕೆಳಕ್ಕೆ ಎಳೀತಾನೆ. ಅಳು ಬರೋ ಹಂಗೆ ಎಳೀತಾನೆ ಮಾರಾಯ್ರೆ!

ಸ್ಟೀವಿ ವೇಗ, ಆ ದಪ್ಪ ತಂತಿಗಳ ಗುಡುಗು, ಎಲ್ಲ ಒಪ್ಪಿದೆ. ಆದ್ರೆ ಅವನ ಗಿಟಾರಿನ ಅರ್ಧ ಮಾತು ಆಲ್ಬರ್ಟ್‌ದೇ. ಕ್ರೀಮ್ ಅನ್ನೋ ರಾಕ್ ತಂಡದ ದಿನಗಳ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಕೂಡ ಇಲ್ಲಿಂದ ಧಾರಾಳವಾಗಿ ಎತ್ತಿಕೊಂಡವನೇ (ಕಳ್ಳತನ ಅಲ್ಲ ಬಿಡಿ, ಬ್ಲೂಸ್ ಬೆಳೆದಿದ್ದೇ ಹಾಗೆ).

ಹೆಸರು ಮಾತ್ರ ಶಿಷ್ಯರದ್ದೇ ಜಾಸ್ತಿ. ನನ್ನ ವೋಟು ಆಲ್ಬರ್ಟ್‌ಗೆ. ಜಗಳಕ್ಕೆ ಬರೋರು ಬನ್ನಿ.