ಕುರ್ಚಿ ಲೆಕ್ಕ: ಆರನೇ ವಾರ

ನಾನು ಎಷ್ಟು ಹೊತ್ತು ಕೂರ್ತೀನಿ ಅನ್ನೋ ಲೆಕ್ಕವನ್ನು ಈಗ ನನ್ನ ಕುರ್ಚಿಯೇ ಬರೆಯುತ್ತಿದೆ. ಇಷ್ಟಕ್ಕೇ ಮೂರು ಭಾನುವಾರ ಹಿಡಿಯಿತು.

ನನ್ನದು ಮನೆಯಿಂದಲೇ ಕೆಲಸ. ಬೆಳಗ್ಗೆ ಒಂಬತ್ತೂವರೆಗೆ ಕೂತರೆ ಊಟಕ್ಕೆ ಕರೆದಾಗಲೇ ಏಳೋದು. ಎದ್ದೇಳು ಅಂತ ನೆನಪಿಸೋ ಆ್ಯಪ್‌ಗಳೆಲ್ಲ ಆದವು. ಲ್ಯಾಪ್‌ಟಾಪ್‌ನಲ್ಲಿ ಸ್ಟ್ರೆಚ್ಲಿ ಅನ್ನೋ ಆ್ಯಪ್ ಪರದೆ ಮುಚ್ಚಿದರೆ ಅಲ್ಲೇ ಕೂತು ಫೋನ್ ನೋಡುತ್ತೇನೆ. ವಾಚು ಗುರ್ ಅಂದರೆ ಒಂದು ಸಲ ಒತ್ತಿ ಬಾಯಿ ಮುಚ್ಚಿಸುತ್ತೇನೆ. ನಾನು ಎದ್ದೆನೋ ಇಲ್ಲವೋ ಸ್ಟ್ರೆಚ್ಲಿಗೆ ಗೊತ್ತೇ ಆಗಲ್ಲ, ವಾಚಿನದು ಕೈ ಆಡಿದ್ದರ ಮೇಲಿನ ಅಂದಾಜು. ಸರಿಯಾಗಿ ಗೊತ್ತಿರೋದು ಕುರ್ಚಿಗೆ.

ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದು ಎಫ್‌ಎಸ್‌ಆರ್ ತಂದೆ. ಬೆರಳಲ್ಲಿ ಒತ್ತಿದರೆ ರೆಸಿಸ್ಟೆನ್ಸ್ ಇಳಿಯುವ, ಕಾಗದದಷ್ಟು ತೆಳ್ಳಗಿನ ಸೆನ್ಸರ್ ಅದು. ತೂಕ ಅಳೆಯೋಕೆ ನಂಬುವಂಥದ್ದಲ್ಲ. ಆದರೆ ನನಗೆ ಬೇಕಿದ್ದದ್ದು ಮೇಲೆ ಜನ ಇದಾರಾ ಇಲ್ವಾ ಅನ್ನೋದಷ್ಟೇ. ಜೊತೆಗೆ 10 ಕಿಲೋಓಮ್‌ನ ಒಂದು ರೆಸಿಸ್ಟರ್, ಸೆನ್ಸರ್ ಓದಿ ವೈಫೈಯಲ್ಲಿ ಕಳಿಸೋಕೆ ಇಎಸ್‌ಪಿ32 ಅನ್ನೋ ಒಂದು ಪುಟ್ಟ ಬೋರ್ಡು. ಕುರ್ಚಿ ಖಾಲಿ ಇದ್ದರೆ ಬೋರ್ಡು ಓದೋ ಅಂಕಿ ಸೊನ್ನೆಯ ಹತ್ತಿರ, ನಾನು ಕೂತರೆ 2600ರ ಆಸುಪಾಸು (ಅದು ತೋರಿಸಬಲ್ಲ ಗರಿಷ್ಠ 4095).

ಟೇಬಲ್ ಮೇಲೆ ಚೆನ್ನಾಗಿ ಓಡುತ್ತಿದ್ದದ್ದು ವೈಫೈ ಹಾಕಿದ ತಕ್ಷಣ ಸತ್ತುಹೋಯಿತು. ಸಾಲ್ಡರ್ (ವೈರಿನ ಬೆಸುಗೆ) ಸಡಿಲ ಇರಬೇಕು ಅಂತ ಎರಡು ರಾತ್ರಿ ಬಿಚ್ಚಿದೆ, ಮತ್ತೆ ಹಾಕಿದೆ. ತಪ್ಪು ಸಾಲ್ಡರ್‌ದಲ್ಲ, ನನ್ನದು. ನಾನು ವೈರ್ ಕೊಟ್ಟಿದ್ದದ್ದು ಬೋರ್ಡಿನ ಜಿಪಿಐಒ 25 ಅನ್ನೋ ಪಿನ್ನಿಗೆ. ಆ ಪಿನ್ನು ಎಡಿಸಿ2ಕ್ಕೆ, ಅಂದರೆ ಬೋರ್ಡಿನಲ್ಲಿ ವೋಲ್ಟೇಜನ್ನು ಅಂಕಿಯಾಗಿಸೋ ಎರಡು ಭಾಗಗಳಲ್ಲಿ ಎರಡನೆಯದಕ್ಕೆ, ಸೇರಿದ್ದು; ವೈಫೈ ಓಡುವಾಗ ಎಡಿಸಿ2 ನಮ್ಮ ಕೈಗೆ ಸಿಗಲ್ಲ. ವೈರನ್ನು ಎಡಿಸಿ2ಕ್ಕೆ ಸೇರದ 34ನೇ ಪಿನ್ನಿಗೆ ಬದಲಾಯಿಸಿದೆ, ಐದು ನಿಮಿಷದ ಕೆಲಸ. ಆಮೇಲೆ ಬೋರ್ಡಿಗೆ ಕರೆಂಟು ಕೊಡೋ ಪವರ್ ಬ್ಯಾಂಕಿನ ತಕರಾರು. ಬೋರ್ಡನ್ನು ಮಲಗಿಸಿ ಕರೆಂಟು ಉಳಿಸೋಣ ಅಂದರೆ, ಇದು ಏನೂ ಎಳೀತಿಲ್ಲ ಅಂದುಕೊಂಡು ಪವರ್ ಬ್ಯಾಂಕೇ ಆಫ್ ಆಗುತ್ತಿತ್ತು. ಈಗ ಮಲಗಿಸೋದು ಬಿಟ್ಟಿದ್ದೇನೆ. ದಿನಾ ರಾತ್ರಿ ಫೋನಿನ ಜೊತೆ ಅದನ್ನೂ ಚಾರ್ಜಿಗೆ ಹಾಕುತ್ತೇನೆ.

ಸ್ಪಂಜಿನ ಕೆಳಗೆ ಟೇಪ್ ಸುತ್ತುತ್ತಿರುವಾಗ ಅಮ್ಮ ಬಂದು, "ಏನೋ ಇದು, ಕುರ್ಚಿಗೂ ಇಸಿಜಿ ಮಾಡಿಸ್ತಿದೀಯಾ?" ಅಂದರು.

ಒಂದು ಶನಿವಾರ ಮಧ್ಯಾಹ್ನ ನಾನು ಊರಲ್ಲೇ ಇರಲಿಲ್ಲ. ಬೋರ್ಡು ಲೆಕ್ಕ ಬರೆಯೋ ಗೂಗಲ್ ಶೀಟ್ ತೆಗೆದರೆ ಕುರ್ಚಿಯಲ್ಲಿ 52 ನಿಮಿಷ. ಬಗ್ ಅಂದುಕೊಂಡು ಕೋಡೆಲ್ಲ ಜಾಲಾಡಿದೆ. ಮನೆಗೆ ಬಂದರೆ ಕುರ್ಚಿಯ ಸಂದಿಯಲ್ಲಿ ಅವರೆಕಾಯಿ ಸಿಪ್ಪೆ. ಕಾಳು ಬಿಡಿಸೋಕೆ ಅಮ್ಮನಿಗೆ ಅದೇ ಹದವಾದ ಕುರ್ಚಿಯಂತೆ. ಸೆನ್ಸರ್ ಸರಿಯಾಗೇ ಹೇಳಿತ್ತು.

ಇನ್ನು ಲೆಕ್ಕಕ್ಕೆ ಬರೋಣ. ಮೊದಲ ವಾರ ಬರೀ ಬರೆದುಕೊಳ್ಳೋದು, ಎಚ್ಚರಿಕೆ ಇಲ್ಲ. ದಿನಕ್ಕೆ ಸರಾಸರಿ 7 ಗಂಟೆ 5 ನಿಮಿಷ ಕೂತಿದ್ದೆ. ಏಳದೆ ಒಂದೇ ಪಟ್ಟಿಗೆ ಅತಿ ಹೆಚ್ಚು ಕೂತದ್ದು 2 ಗಂಟೆ 14 ನಿಮಿಷ. ಅದು ಕೋಡ್ ಬರೆಯುವಾಗ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಊಟ ಆದಮೇಲಿನ ಮೀಟಿಂಗು. ಅದರಲ್ಲಿ ನಾನು ಆಡಿದ್ದು ಎರಡೇ ಮಾತು.

ಎರಡನೇ ವಾರದಿಂದ 35 ನಿಮಿಷ ದಾಟಿದರೆ ನಿಮಿಷಕ್ಕೊಂದು ಟೆಲಿಗ್ರಾಂ ಸಂದೇಶ. ಒತ್ತಿ ನಿಲ್ಲಿಸೋ ಹಾಗಿಲ್ಲ, ಎರಡು ನಿಮಿಷ ಕುರ್ಚಿ ಖಾಲಿ ಇದ್ದರೆ ಮಾತ್ರ ನಿಲ್ಲುತ್ತೆ. ಉದ್ದದ ಪಟ್ಟುಗಳು ತುಂಡಾದವು. ಆದರೆ ದಿನದ ಒಟ್ಟು ಮೊತ್ತ 6 ಗಂಟೆ 50ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಏಳ್ತೀನಿ, ನೀರು ಕುಡೀತೀನಿ, ಮತ್ತೆ ಬಂದು ಕೂರ್ತೀನಿ. ಲ್ಯಾಪ್‌ಟಾಪ್ ಇರೋದೇ ಕೂತು ನೋಡೋ ಎತ್ತರದಲ್ಲಿ, ಇನ್ನೇನು ಮಾಡಲಿ?

ಇಂಗ್ಲೆಂಡಿನಲ್ಲಿ ಇದನ್ನೇ ದೊಡ್ಡದಾಗಿ ಮಾಡಿ ನೋಡಿದ್ದಾರೆ. ಲೆಸ್ಟರ್‌ನ 146 ಆಸ್ಪತ್ರೆ ಸಿಬ್ಬಂದಿಯ ಮೇಲೆ ನಡೆದ ಪ್ರಯೋಗ 2018ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಏರಿಸಿ ಇಳಿಸೋ ಮೇಜು, ನೆನಪಿಸುವ ಸಾಧನ, ಜೊತೆಗೆ ತಿಳಿವಳಿಕೆ, ಸಲಹೆ ಎಲ್ಲವನ್ನೂ ಕೊಟ್ಟವರು ವರ್ಷದ ಕೊನೆಗೆ, ಏನೂ ಕೊಡದವರಿಗಿಂತ ಕೆಲಸದ ದಿನದಲ್ಲಿ ಸುಮಾರು 83 ನಿಮಿಷ ಕಡಿಮೆ ಕೂತಿದ್ದರು. ಅದೇ ತಂಡ 2022ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ 756 ಸ್ಥಳೀಯ ಆಡಳಿತ ನೌಕರರನ್ನು ತೆಗೆದುಕೊಂಡು ಮೇಜಿನ ಪಾಲನ್ನೇ ಬೇರೆ ಮಾಡಿ ನೋಡಿತು. ಮೇಜಿಲ್ಲದೆ ಉಳಿದದ್ದನ್ನೆಲ್ಲ ಕೊಟ್ಟರೆ ದಿನಕ್ಕೆ ಸುಮಾರು 22 ನಿಮಿಷ ಕಡಿಮೆ, ಮೇಜೂ ಇದ್ದರೆ 64. ನನ್ನದು ಹದಿನೈದೇ ನಿಮಿಷ ಯಾಕೆ ಇಳಿಯಿತು ಅನ್ನೋದಕ್ಕೆ ಅಲ್ಲಿ ಉತ್ತರ ಸಿಕ್ಕಿತು.

ಮೋಟಾರಿನ ಮೇಜಿನ ಬೆಲೆ ನೋಡಿ ಪುಟ ಮುಚ್ಚಿದೆ. ಬಾಗಿಲ ಹಿಂದೆ ನಿಂತಿದ್ದ ಇಸ್ತ್ರಿ ಟೇಬಲ್ ಹೊರಗೆ ಬಂತು. ಎತ್ತರ ಬದಲಾಯಿಸಬಹುದು, ಲ್ಯಾಪ್‌ಟಾಪ್ ಹಿಡಿಸುತ್ತೆ. ಜೋರಾಗಿ ಟೈಪ್ ಮಾಡಿದರೆ ಕಾಲು ಅಲ್ಲಾಡುತ್ತೆ, ಹಾಗಾಗಿ ಅಲ್ಲಿ ಕೋಡ್ ಬರೆಯಲ್ಲ, ಮೀಟಿಂಗಿಗೆ ಮಾತ್ರ. 30 ನಿಮಿಷ ನಿಂತರೆ ಹಿಮ್ಮಡಿ ಉರಿಯುತ್ತಿತ್ತು. ಹಳೇ ಯೋಗ ಮ್ಯಾಟನ್ನು ನಾಲ್ಕು ಮಡಿಕೆ ಮಾಡಿ ಹಾಕಿದ ಮೇಲೆ ಪರವಾಗಿಲ್ಲ. ಈ ವಾರದ ಸರಾಸರಿ 5 ಗಂಟೆ 40.

ಆರು ವಾರ, ಅದೂ ಒಬ್ಬನೇ ಮನುಷ್ಯ. ಇದರಲ್ಲಿ ಎಷ್ಟು ಹೊಸ ಆಟಿಕೆಯ ಹುಮ್ಮಸ್ಸೋ ಗೊತ್ತಾಗೋಕೆ ಎರಡು ತಿಂಗಳು ಕಾಯಬೇಕು.

ಬಾಕಿ ಇರೋ ಕೆಲಸ: ಲ್ಯಾಪ್‌ಟಾಪ್ ಬ್ಯಾಗನ್ನು ಕುರ್ಚಿ ಮೇಲಿಟ್ಟರೂ ಕೂತಂತೆ ಬರೀತಿದೆ, ಮಿತಿ ಏರಿಸಬೇಕು. ಅಮ್ಮನ ಹೆಸರಲ್ಲಿ ಶೀಟಿಗೆ ಇನ್ನೊಂದು ಕಾಲಂ ಬೇಕು. ಮತ್ತೆ ಬುಧವಾರ ಮೀಟಿಂಗ್ ಹೊತ್ತಿಗೇ ಅವರಿಗೆ ಇಸ್ತ್ರಿ ಟೇಬಲ್ ಬೇಕಂತೆ. ಅದಕ್ಕಿನ್ನೂ ಕೋಡ್ ಹೊಳೆದಿಲ್ಲ.